ಇಂಗ್ಲಿಷಿನ ಪದಕ್ರಮವೂ ಜೋಡಿ ಸಂಯೋಜಕಗಳೂ

ಇಂಗ್ಲಿಷ್ ಕಲಿಯುವ ಕನ್ನಡಿಗರು ವ್ಯಾಕರಣದ ಮೇಷ್ಟ್ರನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ ಎದ್ದು ಕಾಣುತ್ತವೆ. ವಾಕ್ಯದಲ್ಲಿ ಯಾವ ಪದ ಎಲ್ಲಿ ನಿಲ್ಲಬೇಕು ಎಂಬುದು ಒಂದು. ‘ಈದರ್–ಆರ್’, ‘ನೈದರ್–ನಾರ್’, ‘ಬೋತ್–ಆ್ಯಂಡ್’, ‘ನಾಟ್ ಓನ್ಲಿ–ಬಟ್ ಆಲ್ಸೋ’, ‘ನೋ ಸೂನರ್–ದ್ಯಾನ್’ ಎಂದು ಜೋಡಿಯಾಗಿಯೇ ಬರುವ ಸಂಯೋಜಕಗಳನ್ನು ಹೇಗೆ ಬಳಸಬೇಕು ಎಂಬುದು ಇನ್ನೊಂದು. ಶಾಲೆಯ ಪುಸ್ತಕಗಳು ಇವನ್ನು ಬೇರೆ ಬೇರೆ ಪಾಠಗಳಲ್ಲಿ ಇಟ್ಟಿದ್ದರೂ ಬುಡದಲ್ಲಿ ಎರಡೂ ಒಂದೇ. ಇಂಗ್ಲಿಷಿನಲ್ಲಿ ಪದದ ಕೆಲಸವನ್ನು ಬಹುಮಟ್ಟಿಗೆ ಅದು ನಿಂತ ಜಾಗ ಹೇಳುತ್ತದೆ. ಕನ್ನಡದಲ್ಲಿ ಅದಕ್ಕೆ ಅಂಟಿದ ಪ್ರತ್ಯಯ ಹೇಳುತ್ತದೆ. ಜೋಡಿ ಸಂಯೋಜಕಗಳ ಬಗ್ಗೆ ಹುಟ್ಟುವ ಸಂಶಯಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಕನ್ನಡದ ಮಟ್ಟಿಗೆ ಈ ವ್ಯತ್ಯಾಸವನ್ನು ಆಧುನಿಕ ರೀತಿಯಲ್ಲಿ ಗಮನಿಸಲು ತೊಡಗಿದ ಸ್ಥಳಗಳಲ್ಲಿ ಚೆನ್ನೈನ ನುಂಗಂಬಾಕ್ಕಂ ಒಂದು. ಅಲ್ಲಿ ಪಾಠ ನಡೆದದ್ದು ಮಾತ್ರ ತಿರುಗುಮುರುಗಾಗಿ: ಇಂಗ್ಲಿಷರು ಕೂತು ಕನ್ನಡ ಕಲಿತರು.

ಕಾಲೇಜು ರಸ್ತೆ

ನುಂಗಂಬಾಕ್ಕಂನಲ್ಲಿ ಕೂವಂ ನದಿಯ ಬದಿಗೆ ಕಾಲೇಜು ರಸ್ತೆ ಇದೆ. ಅಲ್ಲಿರುವ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಿಂದ ಆ ಹೆಸರು ಬಂತೆಂದು ತೋರಬಹುದು. ಆದರೆ ಆ ಕಾಲೇಜು ಶುರುವಾದದ್ದು 1915ರಲ್ಲಿ. ರಸ್ತೆಗೆ ಹೆಸರು ಕೊಟ್ಟದ್ದು ಅದಕ್ಕಿಂತ ನೂರು ವರ್ಷ ಹಳೆಯದಾದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು. ಈಸ್ಟ್ ಇಂಡಿಯಾ ಕಂಪನಿಯ ತರುಣ ಅಧಿಕಾರಿಗಳು ದಕ್ಷಿಣದ ಭಾಷೆಗಳನ್ನು ಕಲಿತು ಪರೀಕ್ಷೆ ಪಾಸು ಮಾಡಲಿ ಎಂದು 1812ರಲ್ಲಿ ಅದನ್ನು ಸ್ಥಾಪಿಸಿದರು. ಅದರ ಹಿಂದಿನ ಮುಖ್ಯ ಶಕ್ತಿ ಫ್ರಾನ್ಸಿಸ್ ವೈಟ್ ಎಲ್ಲಿಸ್. ತಮಿಳು, ತೆಲುಗು, ಕನ್ನಡ, ಮಲಯಾಳ ಪಂಡಿತರು ಅಲ್ಲಿ ಪಾಠ ಹೇಳುತ್ತಿದ್ದರು. ಮದರಾಸ್ ಲಿಟರರಿ ಸೊಸೈಟಿ ಹುಟ್ಟಿದ್ದೂ ಅದೇ 1812ರಲ್ಲಿ. ಅದರ ಗ್ರಂಥಾಲಯ ಇಂದಿಗೂ ಆ ಆವರಣದಲ್ಲಿದೆ.

1816ರಲ್ಲಿ ಎ. ಡಿ. ಕ್ಯಾಂಬೆಲ್ ಬರೆದ ತೆಲುಗು ವ್ಯಾಕರಣಕ್ಕೆ ಎಲ್ಲಿಸ್ ಒಂದು ಟಿಪ್ಪಣಿ ಸೇರಿಸಿದರು. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವೆಲ್ಲ ತಮ್ಮದೇ ಒಂದು ಕುಟುಂಬಕ್ಕೆ ಸೇರಿದವು ಎಂಬ ವಾದ ಅಚ್ಚಿನಲ್ಲಿ ಮೊದಲು ಬಂದದ್ದು ಅಲ್ಲಿ. ರಾಬರ್ಟ್ ಕಾಲ್ಡ್‌ವೆಲ್ ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಹೊರಬರಲು ಇನ್ನೂ ನಲವತ್ತು ವರ್ಷ ಇತ್ತು. ಎಲ್ಲಿಸ್ ಧಾತುಗಳನ್ನು, ಆಮೇಲೆ ಪದಗಳನ್ನು ಹೋಲಿಸಿ ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಾತಿನ ಜಾಡನ್ನು, ಎಂದರೆ ವಾಕ್ಯ ಕಟ್ಟುವ ಬಗೆಯನ್ನು ಕೂಡ ಹೋಲಿಕೆಗೆ ತಂದರು. ಪದಗಳನ್ನು ಒಂದು ಭಾಷೆ ಇನ್ನೊಂದರಿಂದ ಸಾಲ ತರಬಹುದು, ವಾಕ್ಯದ ಕಟ್ಟನ್ನು ಹಾಗೆ ಸುಲಭವಾಗಿ ತರಲಾಗದು. ಇಂಗ್ಲಿಷ್ ಕಲಿಯುವ ಕನ್ನಡದ ಹುಡುಗನೂ ತಮಿಳಿನ ಹುಡುಗಿಯೂ ಒಂದೇ ಜಾಗದಲ್ಲಿ ತಡವರಿಸುವುದು ಏಕೆ ಎಂಬುದಕ್ಕೆ ಉತ್ತರ ಈ ಮೂರನೆಯ ಹೋಲಿಕೆಯಲ್ಲಿದೆ.

ಕನ್ನಡಕ್ಕೆ ಈ ಕಾಲೇಜಿನ ಋಣ ಸಣ್ಣದಲ್ಲ. ಕಂಪನಿಯ ಅಧಿಕಾರಿ ಜಾನ್ ಮೆಕೆರೆಲ್ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಲ್ಲಿಂದಲೇ ಬಂದವು. ಕ್ರಿಯಾಪದವನ್ನು ವಾಕ್ಯದ ಕೊನೆಯವರೆಗೆ ಹಿಡಿದಿಟ್ಟುಕೊಳ್ಳುವುದು, ‘ಆ್ಯಂಡ್’ ಎಂಬ ಬಿಡಿಪದವಿಲ್ಲದೆ ಎರಡು ನಾಮಪದಗಳನ್ನು ಕೂಡಿಸುವುದು, ಇವು ಆ ಇಂಗ್ಲಿಷ್ ತರುಣರ ಪಾಲಿನ ಕಷ್ಟಗಳು. ಇವತ್ತಿನ ಕನ್ನಡ ವಿದ್ಯಾರ್ಥಿ ಅದೇ ದಾರಿಯನ್ನು ಎದುರು ತುದಿಯಿಂದ ನಡೆಯುತ್ತಾನೆ.

1854ರಲ್ಲಿ ಕಾಲೇಜು ಮುಚ್ಚಿತು. ಮುಂದೆ ಆ ಆವರಣ ಮದರಾಸಿನ ಸಾರ್ವಜನಿಕ ಶಿಕ್ಷಣ ಇಲಾಖೆಯದಾಯಿತು, ಜನರ ಬಾಯಲ್ಲಿ ‘ಡಿಪಿಐ’ ಆಯಿತು. 2022ರಲ್ಲಿ ತಮಿಳುನಾಡು ಸರ್ಕಾರ ಆವರಣಕ್ಕೆ ಕೆ. ಅನ್ಬಳಗನ್ ಅವರ ಹೆಸರಿಟ್ಟಿದೆ. ಮದರಾಸು ಪ್ರಾಂತ್ಯದಲ್ಲಿ ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲಗಳೂ ಸೇರಿದ್ದವು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು. 1956ರಲ್ಲಿ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಸೇರಿದವು, ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿಯವರೆಗೆ ಮಂಗಳೂರಿನ, ಉಡುಪಿಯ, ಕಾಸರಗೋಡಿನ, ಬಳ್ಳಾರಿಯ ಮಕ್ಕಳು ಯಾವ ತರಗತಿಯಲ್ಲಿ ಎಷ್ಟು ಇಂಗ್ಲಿಷ್ ವ್ಯಾಕರಣ ಕಲಿಯಬೇಕು ಎಂಬುದನ್ನು ಮದರಾಸಿನ ಶಿಕ್ಷಣ ಇಲಾಖೆಯೇ ತೀರ್ಮಾನಿಸುತ್ತಿತ್ತು.

ಕನ್ನಡದ ಗಂಟು, ಇಂಗ್ಲಿಷಿನ ಕೈಮರ

‘ಅಣ್ಣನೂ ತಂಗಿಯೂ ಬಂದರು’ ಎಂಬ ವಾಕ್ಯದಲ್ಲಿ ‘ಊ’ ಪ್ರತ್ಯಯ ಎರಡು ಸಲ ಬಂದಿದೆ, ಕೂಡಿಸಬೇಕಾದ ಒಂದೊಂದು ಪದಕ್ಕೂ ಒಂದೊಂದು ಗಂಟು. ಹಳಗನ್ನಡದಲ್ಲಿ ಇದರ ರೂಪ ‘ಉಂ’. ತಮಿಳಿನಲ್ಲಿ ಅದು ಇಂದಿಗೂ ‘ಉಂ’: ‘ಅಣ್ಣನುಂ ತಂಗೈಯುಂ’. ಚೆನ್ನೈನಲ್ಲಿ ಬೆಳೆಯುವ ಕನ್ನಡದ ಮಗು ಬೀದಿಯ ತಮಿಳಿನಲ್ಲಿ ದಿನವೂ ಕೇಳುವ ಪ್ರತ್ಯಯ ಕೇಶಿರಾಜನ ಕಾಲದ ಕನ್ನಡದ್ದೇ ಎನ್ನಬಹುದು. ಆಯ್ಕೆ ಹೇಳಬೇಕಾದರೆ ‘ಓ’ ಹಚ್ಚುತ್ತೇವೆ: ‘ಅಣ್ಣನೋ ತಂಗಿಯೋ ಬರುತ್ತಾರೆ’. ಇದಾದರೂ ಸರಿ ಅದಾದರೂ ಸರಿ ಎನ್ನಲು ‘ಆಗಲಿ’ ಇದೆ: ‘ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಬಾ’. ‘ಮತ್ತು’, ‘ಅಥವಾ’ ಎಂಬ ಬಿಡಿ ಅವ್ಯಯಗಳು ನಮ್ಮಲ್ಲೂ ಇವೆ. ಆದರೆ ‘ಅಥವಾ’ ಸಂಸ್ಕೃತದಿಂದ ಬಂದದ್ದು. ‘ಮತ್ತು’ ಇವತ್ತು ಪತ್ರಿಕೆಗಳಲ್ಲಿ ಕಾಣುವಷ್ಟು ದಟ್ಟವಾಗಿ ಮನೆಮಾತಿನಲ್ಲಿ ಕೇಳಿಸುವುದಿಲ್ಲ.

ಗಂಟು ಪದಕ್ಕೇ ಬಿಗಿದಿರುವುದರಿಂದ ಪದವನ್ನು ಎಲ್ಲಿಗೆ ಒಯ್ದರೂ ಅದು ಜೊತೆಗೆ ಹೋಗುತ್ತದೆ. ‘ತಂಗಿಯೂ ಬಂದಳು, ಅಣ್ಣನೂ’, ‘ಬಂದರು ಅಣ್ಣನೂ ತಂಗಿಯೂ’ ಎಂದು ಹೇಗೆ ಹೇಳಿದರೂ ಯಾವುದಕ್ಕೆ ಯಾವುದು ಸೇರಿತು ಎಂಬ ಅನುಮಾನ ಬರುವುದಿಲ್ಲ. ಕನ್ನಡದ ಸಹಜ ಕ್ರಮ ಕರ್ತೃ, ಕರ್ಮ, ಕ್ರಿಯಾಪದ ಎಂದಿದ್ದರೂ ವಿಭಕ್ತಿಗಳ ಬಲದಿಂದ ಮಾತಾಡುವವನಿಗೆ ಓಡಾಡಲು ಬೇಕಾದಷ್ಟು ಜಾಗವಿದೆ. ಡಿ. ಎನ್. ಶಂಕರ ಭಟ್ಟರು 1978ರ ‘ಕನ್ನಡ ವಾಕ್ಯಗಳು’ ಪುಸ್ತಕದಿಂದ ತೊಡಗಿ ಬರೆದದ್ದರಲ್ಲೆಲ್ಲ ಕನ್ನಡದ ವಾಕ್ಯವನ್ನು ಸಂಸ್ಕೃತದ ಅಥವಾ ಇಂಗ್ಲಿಷಿನ ಅಚ್ಚಿಗೆ ಹಾಕದೆ ಅದರ ಪಾಡಿಗೆ ನೋಡಬೇಕೆಂದು ಹೇಳಿದರು. ಇಂಗ್ಲಿಷ್ ಕಲಿಸುವವರು ಆ ಪುಸ್ತಕಗಳನ್ನು ಓದುವುದು ಅಪರೂಪ. ಓದಿದರೆ ಅವರ ಅರ್ಧ ಕೆಲಸ ಹಗುರಾದೀತು.

ಇಂಗ್ಲಿಷಿನ ‘ಬೋತ್’, ‘ಈದರ್’, ‘ನಾಟ್ ಓನ್ಲಿ’ಗಳು ಊರ ದಾರಿಯ ಕೈಮರದ ಹಾಗೆ ಮುಂದೆ ನಿಂತು, ಇದರ ಆಚೆಗೆ ಬರುವುದನ್ನು ಗಮನಿಸು ಎಂದು ಬೆರಳು ತೋರುತ್ತವೆ. ಕೈಮರವನ್ನು ಎರಡು ಹೆಜ್ಜೆ ಹಿಂದೆ ನೆಟ್ಟರೆ ದಾರಿಯೇ ಬದಲಾಗುತ್ತದೆ.

‘ನಾಟ್ ಓನ್ಲಿ’ ಎಲ್ಲಿ ನಿಲ್ಲಬೇಕು?

ಕಲಿಯುವವರನ್ನು ಅತಿ ಹೆಚ್ಚು ಕಾಡುವ ಜೋಡಿ ಇದು. ‘ಹಿ ನಾಟ್ ಓನ್ಲಿ ಸ್ಪೀಕ್ಸ್ ತಮಿಳ್ ಬಟ್ ಆಲ್ಸೋ ಕನ್ನಡ’ ಎಂದು ಬರೆದ ವಿದ್ಯಾರ್ಥಿಗೆ ಅಧ್ಯಾಪಕರು ಕೆಂಪು ಗೆರೆ ಎಳೆಯುತ್ತಾರೆ. ಅವರ ನಿಯಮ ಹೀಗೆ: ಜೋಡಿಯ ಮೊದಲ ಪದದ ಮುಂದೆ ಯಾವ ಜಾತಿಯ ಪದ ಬರುತ್ತದೋ ಎರಡನೆಯದರ ಮುಂದೆಯೂ ಅದೇ ಜಾತಿಯದು ಬರಬೇಕು. ಇಲ್ಲಿ ‘ನಾಟ್ ಓನ್ಲಿ’ಯ ಮುಂದೆ ಕ್ರಿಯಾಪದವಿದೆ, ‘ಬಟ್ ಆಲ್ಸೋ’ದ ಮುಂದೆ ನಾಮಪದವಿದೆ, ತಕ್ಕಡಿ ತೂಗುವುದಿಲ್ಲ. ‘ಹಿ ಸ್ಪೀಕ್ಸ್ ನಾಟ್ ಓನ್ಲಿ ತಮಿಳ್ ಬಟ್ ಆಲ್ಸೋ ಕನ್ನಡ’ ಎಂದರೆ ತೂಗುತ್ತದೆ.

ನಿಯಮವನ್ನು ಹೀಗೆ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಕನ್ನಡ ಬಲ್ಲವರಿಗೆ ಇದಕ್ಕಿಂತ ಗಟ್ಟಿಯಾದ ಒರೆಗಲ್ಲು ಮನೆಯಲ್ಲೇ ಇದೆ. ಹೇಳಬೇಕಾದುದನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು ‘ಮಾತ್ರವಲ್ಲ’ ಯಾವ ಪದದ ಬೆನ್ನಿಗೆ ಬಿತ್ತು ಎಂದು ನೋಡಬೇಕು. ‘ಅವನು ತಮಿಳು ಮಾತ್ರವಲ್ಲ, ಕನ್ನಡವನ್ನೂ ಆಡುತ್ತಾನೆ’ ಎಂದಾಗ ಅದು ‘ತಮಿಳಿ’ನ ಬೆನ್ನಿಗಿದೆ, ಇಂಗ್ಲಿಷಿನಲ್ಲಿ ‘ನಾಟ್ ಓನ್ಲಿ’ಯನ್ನು ‘ತಮಿಳಿ’ನ ಎದೆಗೆ ಇಡಬೇಕು. ‘ಅವನು ತಮಿಳನ್ನು ಆಡುವುದು ಮಾತ್ರವಲ್ಲ, ಬರೆಯುತ್ತಾನೆ ಕೂಡ’ ಎಂದರೆ ‘ಮಾತ್ರವಲ್ಲ’ ಕ್ರಿಯೆಗೆ ಅಂಟಿತು: ‘ಹಿ ನಾಟ್ ಓನ್ಲಿ ಸ್ಪೀಕ್ಸ್ ತಮಿಳ್ ಬಟ್ ಆಲ್ಸೋ ರೈಟ್ಸ್ ಇಟ್’. ‘ಅವನು ಮಾತ್ರವಲ್ಲ, ಅವನ ತಂಗಿಯೂ ತಮಿಳು ಆಡುತ್ತಾಳೆ’ ಎಂದರೆ ಕರ್ತೃವಿಗೆ ಅಂಟಿತು: ‘ನಾಟ್ ಓನ್ಲಿ ಹಿ ಬಟ್ ಆಲ್ಸೋ ಹಿಸ್ ಸಿಸ್ಟರ್ ಸ್ಪೀಕ್ಸ್ ತಮಿಳ್’. ಕನ್ನಡದಲ್ಲಿ ಹಿಂದೆ ಬಿದ್ದದ್ದು ಇಂಗ್ಲಿಷಿನಲ್ಲಿ ಮುಂದೆ ಬರುತ್ತದೆ, ಅಷ್ಟೇ. ಅಂಟುವ ಪದ ಎರಡರಲ್ಲೂ ಒಂದೇ. ಈ ಕನ್ನಡಿಯನ್ನು ಒಮ್ಮೆ ಹಿಡಿದು ತೋರಿಸಿದರೆ ಪದದ ಜಾತಿ ಎಣಿಸುವ ಪಾಡು ವಿದ್ಯಾರ್ಥಿಗೆ ಇರುವುದಿಲ್ಲ.

ಇಂಗ್ಲಿಷರು ತಾವೇ ಈ ನಿಯಮವನ್ನು ಎಷ್ಟು ಪಾಲಿಸುತ್ತಾರೆ ಎಂಬ ಪ್ರಶ್ನೆಯೂ ಬರುತ್ತದೆ. ಆಡುಮಾತಿನಲ್ಲಿ ಅವರು ‘ನಾಟ್ ಓನ್ಲಿ’ಯನ್ನು ಕ್ರಿಯಾಪದದ ಮುಂದೆ ಸಲೀಸಾಗಿ ಇಡುತ್ತಾರೆ, ಕೇಳುವವರಿಗೆ ಗೊಂದಲವೂ ಆಗುವುದಿಲ್ಲ. ಎಚ್. ಡಬ್ಲ್ಯು. ಫೌಲರ್ 1926ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಬಳಕೆಯ ಕೋಶ ಈ ವಿಷಯದಲ್ಲಿ ಇಂದಿಗೂ ಓದತಕ್ಕದ್ದು. ಬರಿಯ ‘ಓನ್ಲಿ’ ಸಹಜವಾಗಿ ಕ್ರಿಯಾಪದದ ಬಳಿ ಬಂದು ನಿಂತರೆ ಅದನ್ನು ತಪ್ಪೆಂದು ಹಿಡಿಯುವವರನ್ನು ಫೌಲರ್ ಒಪ್ಪುವುದಿಲ್ಲ. ‘ನಾಟ್ ಓನ್ಲಿ’ ಜಾಗ ತಪ್ಪಿದರೆ ಮಾತ್ರ ಅವರು ಎಚ್ಚರಿಸುತ್ತಾರೆ. ಅರ್ಜಿ, ವರದಿ, ಪರೀಕ್ಷೆಯ ಉತ್ತರಗಳಲ್ಲಿ ತಕ್ಕಡಿಯ ನಿಯಮ ಪಾಲಿಸುವುದು ಮೇಲು. ‘ಆಲ್ಸೋ’ವನ್ನು ಬಿಟ್ಟು ಬರಿಯ ‘ಬಟ್’ ಇಟ್ಟರೂ ವಾಕ್ಯ ಕೆಡುವುದಿಲ್ಲ.

ಕ್ರಿಯಾಪದ ಮುಂದೆ ಜಿಗಿಯುವುದೇಕೆ?

‘ನಾಟ್ ಓನ್ಲಿ’ ವಾಕ್ಯದ ತಲೆಗೆ ಬಂದು ಇಡೀ ಉಪವಾಕ್ಯವನ್ನು ಹಿಡಿದರೆ ‘ನಾಟ್ ಓನ್ಲಿ ಶಿ ಪಾಸ್ಡ್’ ಎನ್ನುವಂತಿಲ್ಲ. ‘ನಾಟ್ ಓನ್ಲಿ ಡಿಡ್ ಶಿ ಪಾಸ್, ಬಟ್ ಶಿ ಆಲ್ಸೋ ವನ್ ಅ ಪ್ರೈಜ್’ ಎನ್ನಬೇಕು. ಮೊದಲ ಭಾಗದಲ್ಲಿ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬಂತು; ಎರಡನೆಯ ಭಾಗ ಎಂದಿನಂತೆ ಇದೆ. ‘ನೆವರ್’, ‘ಸೆಲ್ಡಮ್’, ‘ಹಾರ್ಡ್ಲಿ’, ‘ನೋ ಸೂನರ್’, ‘ನಾರ್’ ಮೊದಲು ಬಂದಾಗಲೂ ಹೀಗೆಯೇ. ಪ್ರಶ್ನೆ ಕೇಳದಿದ್ದರೂ ಪ್ರಶ್ನೆಯ ಆಕಾರ ಏಕೆ ಎಂದು ಮಕ್ಕಳು ಕೇಳುತ್ತಾರೆ. ನಿಯಮವೇ ಹಾಗೆ ಎಂದು ಬಾಯಿ ಮುಚ್ಚಿಸುವುದು ತಪ್ಪು. ಕೇಳುವ ಮಗುವಿಗೆ ಕೊಡಲು ನಿಜವಾದ ಉತ್ತರ ಇದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಇವತ್ತಿನಂತೆ ಇರಲಿಲ್ಲ. ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು, ಪದಗಳು ಈಗಿನದಕ್ಕಿಂತ ಸಡಿಲವಾಗಿ ಓಡಾಡುತ್ತಿದ್ದವು. ಪ್ರಧಾನ ವಾಕ್ಯದಲ್ಲಿ ಮೊದಲ ಜಾಗಕ್ಕೆ ಕರ್ತೃವಲ್ಲದ ಇನ್ನೇನಾದರೂ ಬಂದರೆ ಕ್ರಿಯಾಪದ ಹಲವು ಸಲ ಎರಡನೆಯ ಜಾಗಕ್ಕೆ ಬರುತ್ತಿತ್ತು. ಜರ್ಮನ್ ಭಾಷೆಯಲ್ಲಿ ಈ ಪದ್ಧತಿ ಇಂದಿಗೂ ಬಿಗಿಯಾಗಿ ಉಳಿದಿದೆ. ಇಂಗ್ಲಿಷಿನಲ್ಲಿ ಮುಂದಿನ ಶತಮಾನಗಳಲ್ಲಿ ವಿಭಕ್ತಿಗಳು ಸವೆದುಹೋದವು. ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದನ್ನು ಹೇಳುವ ಹೊರೆ ಜಾಗದ ಮೇಲೆ ಬಿತ್ತು. ಕರ್ತೃ, ಕ್ರಿಯಾಪದ, ಕರ್ಮ ಎಂಬ ಕ್ರಮ ಗಟ್ಟಿಯಾಯಿತು. ಹಳೆಯ ಮನೆ ಬಿದ್ದ ಮೇಲೂ ಒಂದೆರಡು ಕಂಬ ನಿಂತಿರುವಂತೆ ನಿಷೇಧದ ಪದಗಳ ಹಿಂದೆ ಆ ಪದ್ಧತಿ ಉಳಿದುಕೊಂಡಿದೆ. ಕನ್ನಡದಲ್ಲಿ ವಾಕ್ಯದ ತಲೆಗೆ ಏನನ್ನು ತಂದರೂ ಕ್ರಿಯಾಪದ ಸಾಮಾನ್ಯವಾಗಿ ಬಾಲದಲ್ಲೇ ಇರುತ್ತದೆ. ಹಾಗಾಗಿ ‘ನೆವರ್ ಐ ಹ್ಯಾವ್ ಸೀನ್’ ಎಂಬ ತಪ್ಪು ನಮ್ಮ ಕಿವಿಗೆ ತಪ್ಪೆಂದು ಕೇಳಿಸುವುದೇ ಇಲ್ಲ.

ಈ ಪದಗಳ ಹುಟ್ಟನ್ನೂ ಇಲ್ಲೇ ಹೇಳಬಹುದು. ‘ಬೋತ್’ ಇಂಗ್ಲಿಷಿಗೆ ಸ್ಕ್ಯಾಂಡಿನೇವಿಯದ ಜನರ ಭಾಷೆಯಿಂದ ಬಂದದ್ದು. ‘ನೈದರ್’, ‘ನಾರ್’ ಎರಡರ ಮೊದಲಲ್ಲೂ ನಿಷೇಧದ ಹಳೆಯ ಅಕ್ಷರ ಸೇರಿಕೊಂಡಿದೆ. ‘ಬಟ್’ ಎಂಬುದರ ಮೂಲ ಅರ್ಥ ‘ಹೊರಗೆ’. ಆ ಅರ್ಥದಿಂದ ‘ಅದನ್ನು ಬಿಟ್ಟು’ ಎಂದಾಯಿತು, ಅದರಿಂದ ‘ಆದರೆ’ ಆಯಿತು. ಕನ್ನಡದ ‘ಹೊರತು’ ಕೂಡ ‘ಹೊರ’ದಿಂದಲೇ ಬಂದದ್ದು. ‘ಅವನು ಬಂದನೇ ಹೊರತು ಮಾತಾಡಲಿಲ್ಲ’ ಎನ್ನುವಾಗ ಎರಡು ಭಾಷೆಗಳು ಒಂದಕ್ಕೊಂದು ಗೊತ್ತಿಲ್ಲದೆ ಒಂದೇ ದಾರಿ ತುಳಿದಿರುವುದು ಕಾಣುತ್ತದೆ.

‘ನೈದರ್–ನಾರ್’ ಮತ್ತು ಕ್ರಿಯಾಪದದ ವಚನ

‘ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್’ ಎಂದ ಮೇಲೆ ‘ವಾಸ್’ ಬರಬೇಕೋ ‘ವರ್’ ಬರಬೇಕೋ? ಹತ್ತಿರದ ಕರ್ತೃ ಯಾವುದೋ ಅದಕ್ಕೆ ಹೊಂದಿಸಬೇಕು ಎಂಬುದು ಶಾಲೆಯ ಉತ್ತರ: ಇಲ್ಲಿ ‘ಸ್ಟೂಡೆಂಟ್ಸ್’ ಹತ್ತಿರವಿದೆ, ಆದ್ದರಿಂದ ‘ವರ್’. ‘ಈದರ್–ಆರ್’ಗೂ ‘ನಾಟ್ ಓನ್ಲಿ–ಬಟ್ ಆಲ್ಸೋ’ಗೂ ಇದೇ ನಿಯಮ. ‘ಬೋತ್–ಆ್ಯಂಡ್’ ಬಂದರೆ ಮಾತ್ರ ಯಾವಾಗಲೂ ಬಹುವಚನ. ಏಕವಚನವನ್ನು ಮೊದಲಿಗೂ ಬಹುವಚನವನ್ನು ಕೊನೆಗೂ ಇಟ್ಟರೆ ವಾಕ್ಯ ಕಿವಿಗೆ ಹಿತವಾಗಿರುತ್ತದೆ ಎಂಬ ಸಲಹೆಯನ್ನು ಅಧ್ಯಾಪಕರು ಇದರ ಜೊತೆಗೆ ಕೊಡುವುದುಂಟು. ಅದು ಒಳ್ಳೆಯ ಸಲಹೆ.

ಕನ್ನಡದ ಮಗುವಿಗೆ ಈ ಪ್ರಶ್ನೆಯೇ ಹೊಸದು ಎಂಬುದನ್ನು ಅಧ್ಯಾಪಕರು ನೆನಪಿಡಬೇಕು. ‘ಗುರುವಾಗಲಿ ಶಿಷ್ಯರಾಗಲಿ ಬರಲಿಲ್ಲ’. ಇಲ್ಲಿ ‘ಬರಲಿಲ್ಲ’ ಎಂಬುದು ಏಕವಚನವೂ ಅಲ್ಲ, ಬಹುವಚನವೂ ಅಲ್ಲ; ನಾನು, ನೀನು, ಅವಳು, ಅವರು ಎಲ್ಲರಿಗೂ ಅದೇ ರೂಪ. ‘ಬರಬಹುದು’, ‘ಬರಬೇಕು’, ‘ಬರಬಾರದು’ಗಳೂ ಹಾಗೆಯೇ. ಆಯ್ಕೆ, ನಿಷೇಧ, ಸಂಭವ ಇವುಗಳನ್ನು ಹೇಳುವಾಗ ಕನ್ನಡ ಲಿಂಗ–ವಚನಗಳ ತಂಟೆಗೆ ಹೋಗದ ರೂಪಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಉಳಿದ ಕಡೆ ‘ಅಣ್ಣನೋ ತಂಗಿಯೋ ಬರುತ್ತಾರೆ’ ಎಂದು ಬಹುವಚನ ಹಾಕಿದರೆ ಗಂಡು ಹೆಣ್ಣಿನ ತೊಡಕೂ ತೀರಿತು. ಹತ್ತಿರದ ಕರ್ತೃವನ್ನು ಹುಡುಕುವ ಅಭ್ಯಾಸವನ್ನು ಮಗು ತಳದಿಂದ ಕಟ್ಟಿಕೊಳ್ಳಬೇಕು.

ಇದರ ಪಕ್ಕದಲ್ಲೇ ಇರುವ ಇನ್ನೊಂದು ತಪ್ಪು ಪುಸ್ತಕಗಳಲ್ಲಿ ಅಷ್ಟಾಗಿ ಕಾಣಿಸದಿದ್ದರೂ ತರಗತಿಯಲ್ಲಿ ದಿನವೂ ಕೇಳಿಸುತ್ತದೆ. ‘ಇಬ್ಬರೂ ಬರಲಿಲ್ಲ’ ಎಂದರೆ ಕನ್ನಡದಲ್ಲಿ ಅರ್ಥ ಖಚಿತ: ಒಬ್ಬರೂ ಬಂದಿಲ್ಲ. ಅದನ್ನೇ ‘ಬೋತ್ ಡಿಡ್ ನಾಟ್ ಕಮ್’ ಎಂದು ಇಳಿಸಿದರೆ, ಇಬ್ಬರಲ್ಲಿ ಒಬ್ಬರು ಬಂದಿರಬಹುದು ಎಂದು ಕೂಡ ಇಂಗ್ಲಿಷಿನವರಿಗೆ ಕೇಳಿಸಬಹುದು. ‘ನೈದರ್ ಆಫ್ ದೆಮ್ ಕೇಮ್’ ಎಂದರೆ ಸಂಶಯಕ್ಕೆ ಎಡೆಯಿಲ್ಲ. ‘ಊ’ ಪ್ರತ್ಯಯ ನಿಷೇಧದ ಜೊತೆ ಸೇರಿದಾಗ ‘ಬೋತ್’ ಕೈಬಿಟ್ಟು ‘ನೈದರ್’ ಹಿಡಿಯಬೇಕು. ಮೂರು ಅಥವಾ ಹೆಚ್ಚು ಜನರಿದ್ದರೆ ‘ನನ್’.

ಉಳಿದ ಜೋಡಿಗಳು

‘ಆಲ್ದೋ ಇಟ್ ರೇನ್ಡ್, ಬಟ್ ದೆ ಪ್ಲೇಡ್’ ಎಂಬುದು ಕನ್ನಡಿಗರಿಗೆ ಮಾತ್ರವಲ್ಲ, ಏಷ್ಯಾದ ಇನ್ನೂ ಹಲವು ಭಾಷೆಗಳವರಿಗೂ ಅಂಟಿದ ತಪ್ಪು. ‘ಮಳೆ ಬಂದರೂ ಆಟ ನಿಲ್ಲಲಿಲ್ಲ’ ಎನ್ನುವಾಗ ‘ಊ’ ಎರಡು ಉಪವಾಕ್ಯಗಳ ನಡುವಿನ ಹೊಲಿಗೆಯಲ್ಲಿ ಕೂತಿದೆ. ಇಂಗ್ಲಿಷಿನ ‘ಆಲ್ದೋ’ ವಾಕ್ಯದ ತಲೆಗೆ ಹೋಗಿ ಕುಳಿತಾಗ ಹೊಲಿಗೆಯ ಜಾಗ ಖಾಲಿ ಉಳಿಯುತ್ತದೆ, ಮಗು ಅಲ್ಲಿ ‘ಬಟ್’ ಇಟ್ಟು ತುಂಬುತ್ತದೆ. ಹಳೆಯ ಪಂಡಿತರ ಗದ್ಯದ ‘ಯದ್ಯಪಿ–ತಥಾಪಿ’ ಜೋಡಿಗೆ ಹೊಂದುವ ‘ದೋ–ಯೆಟ್’ ಇಂಗ್ಲಿಷಿನಲ್ಲೂ ಇದೆ. ಅದು ಈಗ ಸ್ವಲ್ಪ ಹಳತಾದರೂ ತಪ್ಪಲ್ಲ.

‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಅಥವಾ ‘ಸ್ಕೇರ್ಸ್ಲಿ’ ಬಂದರೆ ‘ವೆನ್’. ಇವನ್ನು ಅದಲುಬದಲು ಮಾಡುವುದು ಸಾಮಾನ್ಯ. ‘ಸೂನರ್’ ಎಂಬುದು ತರತಮದ ರೂಪ, ‘ಇನ್ನೂ ಬೇಗ’ ಎಂದರ್ಥ. ತರತಮಕ್ಕೆ ‘ದ್ಯಾನ್’ ತಾನಾಗಿ ಬರುತ್ತದೆ ಎಂದು ಹೇಳಿಕೊಟ್ಟರೆ ಮುಂದೆ ಮರೆಯುವುದಿಲ್ಲ. ‘ಹಾರ್ಡ್ಲಿ–ವೆನ್’ಗೆ ಕನ್ನಡದ ‘ಬಂದನೋ ಇಲ್ಲವೋ’ ಚೆನ್ನಾಗಿ ಒಪ್ಪುತ್ತದೆ: ‘ಅವನು ಒಳಗೆ ಕಾಲಿಟ್ಟನೋ ಇಲ್ಲವೋ, ಮಳೆ ಹೊಡೆಯಿತು’. ‘ಬಂದದ್ದೇ ತಡ’ ಎಂಬುದು ‘ನೋ ಸೂನರ್’ಗೆ ಹತ್ತಿರ. ‘ಆ್ಯಸ್ ಸೂನ್ ಆ್ಯಸ್’ ವಾಕ್ಯವನ್ನು ‘ನೋ ಸೂನರ್’ಗೆ ತಿರುಗಿಸಿ ಎಂಬ ಅಭ್ಯಾಸ ಶಾಲೆಗಳಲ್ಲಿ ಬಹಳ ಕಾಲದಿಂದ ಇದೆ. ತಿರುಗಿಸಿದ ವಾಕ್ಯ ಎಲ್ಲಿ ಸಲ್ಲುತ್ತದೆ, ಮಾತಿನಲ್ಲೋ ಬರಹದಲ್ಲೋ ಎಂಬುದನ್ನು ಮಾತ್ರ ಆ ಅಭ್ಯಾಸ ಹೇಳಿಕೊಡುವುದಿಲ್ಲ. ಇಂಗ್ಲೆಂಡಿನ ಮನೆಮಾತಿನಲ್ಲಿ ‘ನೋ ಸೂನರ್ ಹ್ಯಾಡ್ ಹಿ’ ಕೇಳಿಸುವುದು ಕಡಿಮೆ, ಅದು ಬರಹದ ಗತ್ತು.

‘ಒಂದೋ ನೀನು ಬಾ, ಇಲ್ಲವೇ ನಾನು ಬರುತ್ತೇನೆ’ ಎನ್ನುವಲ್ಲಿ ಕನ್ನಡದ ಪದಗಳೂ ಮುಂದೆ ನಿಲ್ಲುತ್ತವೆ. ಹಾಗಾಗಿ ಉಪವಾಕ್ಯಗಳನ್ನು ಜೋಡಿಸುವ ‘ಈದರ್–ಆರ್’ ಯಾರಿಗೂ ಕಷ್ಟವಾಗದು. ‘ಎಷ್ಟು ಓದಿದರೆ ಅಷ್ಟು ತಿಳಿಯುತ್ತದೆ’ ಎಂಬುದಕ್ಕೆ ‘ದ ಮೋರ್–ದ ಮೋರ್’ ನೇರ ಜೊತೆಗಾರ. ಭಾಷೆಗಳು ಕೂಡಿಕೊಳ್ಳುವ ಇಂಥ ಕಡೆಯಿಂದ ಪಾಠ ಶುರುಮಾಡಿ, ಅಗಲುವ ಕಡೆಗೆ ನಡೆಯುವುದು ಒಳಿತು.

‘ವೆದರ್–ಆರ್’ ತನ್ನ ಜೊತೆಗೆ ಪದಕ್ರಮದ ದೊಡ್ಡ ಪ್ರಶ್ನೆಯೊಂದನ್ನು ತರುತ್ತದೆ. ‘ಅವನು ಎಲ್ಲಿದ್ದಾನೆ ಎಂದು ಕೇಳಿದೆ’ ಎನ್ನುವಾಗ ಕನ್ನಡ ಮೂಲ ಪ್ರಶ್ನೆಯನ್ನು ಮುಟ್ಟದೆ ಹಾಗೇ ಇಟ್ಟು ‘ಎಂದು’ ಸೇರಿಸುತ್ತದೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಗೆ ಸೇರಿದ ಕೂಡಲೇ ಪ್ರಶ್ನೆಯ ಕ್ರಮ ಕಳಚಿ ಸಾದಾ ಕ್ರಮ ಬರಬೇಕು: ‘ಐ ಆಸ್ಕ್ಡ್ ವೇರ್ ಹಿ ವಾಸ್’. ‘ಐ ಆಸ್ಕ್ಡ್ ವೇರ್ ಈಸ್ ಹಿ’ ಎಂಬ ತಪ್ಪಿನಲ್ಲಿ ಕನ್ನಡದ ‘ಎಂದು’ ಕಾಣದೆ ಕೂತಿದೆ. ‘ಬರುತ್ತಾನೋ ಇಲ್ಲವೋ ಗೊತ್ತಿಲ್ಲ’ ಎಂಬುದು ‘ಐ ಡೋಂಟ್ ನೋ ವೆದರ್ ಹಿ ವಿಲ್ ಕಮ್ ಆರ್ ನಾಟ್’ ಆಗುತ್ತದೆ, ‘ವೆದರ್ ವಿಲ್ ಹಿ’ ಆಗುವುದಿಲ್ಲ.

ಕಲಿಸಿದ ಬಗೆಗಳು

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ತರಗತಿಗಳ ಮೇಲೆ 1795ರಲ್ಲಿ ಬಂದ ಲಿಂಡ್ಲಿ ಮರ್ರೆಯ ವ್ಯಾಕರಣದ ನೆರಳಿತ್ತು. ಭಾರತದ ಶಾಲೆಗಳಿಗೆಂದೇ ನೆಸ್‌ಫೀಲ್ಡ್ ಬರೆದ ಪುಸ್ತಕಗಳು ಆ ಶತಮಾನದ ಕೊನೆಗೆ ಬಂದವು. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಬಂದರು. ಪಿ. ಸಿ. ರೆನ್ ಸಾಹಸದ ಕಾದಂಬರಿಗಳಿಂದ ಹೆಸರಾದವರು. 1924ರ ‘ಬೋ ಜೆಸ್ಟ್’ ಅವರದೇ. ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿಯೂ ಕೆಲಸ ಮಾಡಿದ್ದರು. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಆರು ಜೋಡಿಗಳ ಪಟ್ಟಿ ಕೊಟ್ಟು, ಜೋಡಿಯ ಪದಗಳು ತಾವು ಕೂಡಿಸುವ ಪದಗಳ ಮುಂದೆಯೇ ನಿಲ್ಲಬೇಕೆಂದು ಹೇಳಿತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜ ಓದಿದ ಪ್ರತಿಯನ್ನೇ ಮೊಮ್ಮಗಳೂ ಓದಿದ್ದಾಳೆ.

ಸ್ವಾತಂತ್ರ್ಯದ ನಂತರ ಮದರಾಸು ಬೇರೆ ದಾರಿ ಹಿಡಿಯಿತು. ವಾಕ್ಯದ ಮಾದರಿಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುವ ಪದ್ಧತಿ ಅದು. ಅದಕ್ಕಾಗಿ 1959ರಲ್ಲಿ ಆರಂಭವಾದ ದೊಡ್ಡ ತರಬೇತಿ ಕಾರ್ಯಕ್ರಮ ‘ಮದರಾಸ್ ಸ್ನೋಬಾಲ್’ ಎಂದು ಹೆಸರಾಯಿತು. ತರಬೇತಿ ಪಡೆದವರು ಇನ್ನಷ್ಟು ಜನರಿಗೆ, ಅವರು ಮತ್ತಷ್ಟು ಜನರಿಗೆ ಹೇಳಿಕೊಡುತ್ತ ಹೋಗಿ 27,000 ಪ್ರಾಥಮಿಕ ಇಂಗ್ಲಿಷ್ ಶಿಕ್ಷಕರನ್ನು ಮುಟ್ಟಬೇಕೆಂಬುದು ಗುರಿ. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿತು.

ಮಾದರಿ ವಾಕ್ಯಗಳನ್ನು ಒಪ್ಪಿಸಿದ ಮಕ್ಕಳು ತರಗತಿಯ ಹೊರಗೆ ಅವನ್ನು ಬಳಸುತ್ತಿರಲಿಲ್ಲ. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು ಈ ಅತೃಪ್ತಿಯಿಂದ 1979ರಲ್ಲಿ ಹೊಸ ಪ್ರಯೋಗ ಆರಂಭಿಸಿದರು. ಬೆಂಗಳೂರು, ಮದರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ 1984ರವರೆಗೆ ಅದು ನಡೆಯಿತು. ಭಾಷಾಬೋಧನೆಯ ಜಗತ್ತಿಗೆ ಅದು ‘ಬೆಂಗಳೂರು ಪ್ರಾಜೆಕ್ಟ್’. ಪ್ರಭು ಅವರ ತರಗತಿಯಲ್ಲಿ ವ್ಯಾಕರಣದ ಪಾಠ ಇರಲಿಲ್ಲ. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ಹೇಳು, ನಕ್ಷೆ ನೋಡಿ ದಾರಿ ಹೇಳು ಎಂಬಂಥ ತಲೆಗೆ ಕೆಲಸ ಕೊಡುವ ಸಮಸ್ಯೆಗಳಿದ್ದವು. ಮನಸ್ಸು ಅರ್ಥದ ಮೇಲೆ ಇರುವಾಗಲೇ ವ್ಯಾಕರಣ ಒಳಗೆ ಇಳಿಯುತ್ತದೆ ಎಂಬುದು ಅವರ ನಿಲುವು. 1987ರಲ್ಲಿ ಅವರು ಬರೆದ ಪುಸ್ತಕ ಇಂದಿಗೂ ಹಲವು ದೇಶಗಳ ಶಿಕ್ಷಕರ ತರಬೇತಿಯಲ್ಲಿ ಚರ್ಚೆಯಾಗುತ್ತದೆ.

ಪ್ರಭು ಅವರ ನಿಲುವು ಪದಕ್ರಮದ ಬಹುಭಾಗಕ್ಕೆ ಒಪ್ಪುತ್ತದೆ. ಕರ್ತೃವಿನ ಬೆನ್ನಿಗೆ ಕ್ರಿಯಾಪದ ಬರುವುದನ್ನು ಯಾವ ಮಗುವೂ ನಿಯಮ ಓದಿ ಕಲಿಯುವುದಿಲ್ಲ, ಕೇಳಿ ಕೇಳಿ ಕಲಿಯುತ್ತದೆ. ಜೋಡಿ ಸಂಯೋಜಕಗಳಿಗೆ ಆ ಅನುಕೂಲವಿಲ್ಲ. ‘ನಾಟ್ ಓನ್ಲಿ ಡಿಡ್’, ‘ನಾರ್ ವರ್’ ಎಂಬಂಥವು ತರಗತಿಯ ಮಾತಿನಲ್ಲಿ ವಾರಕ್ಕೊಮ್ಮೆ ಬಂದರೂ ಹೆಚ್ಚು. ಕಿವಿಯಿಂದ ಮಾತ್ರ ಅವು ಕೂರುವುದಿಲ್ಲ. ಕನ್ನಡದ ವಾಕ್ಯವನ್ನು ಪಕ್ಕಕ್ಕಿಟ್ಟು ಐದು ನಿಮಿಷ ವಿವರಿಸುವುದರಿಂದ ಆಗುವ ಲಾಭ ಇಲ್ಲಿ ದೊಡ್ಡದು. ಇಂಗ್ಲಿಷ್ ತರಗತಿಯಲ್ಲಿ ಮಾತೃಭಾಷೆಯ ಸೊಲ್ಲೆತ್ತಬಾರದೆಂಬ ಕಟ್ಟಳೆ ಹಾಕುವ ಶಾಲೆಗಳು ಈ ಲಾಭವನ್ನು ತಾವಾಗಿ ಕಳೆದುಕೊಳ್ಳುತ್ತಿವೆ.

ಮೂರು ಭಾಷೆಯ ಮನೆ

ಚೆನ್ನೈನ ಕನ್ನಡದ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತದೆ. ‘ಇವತ್ತೇ ಬಂದೆ’ ಎಂದು ಅಮ್ಮನಿಗೆ ಹೇಳುತ್ತದೆ; ‘ಇನ್ನಿಕ್ಕಿ ದಾನ್ ವಂದೇನ್’ ಎಂದು ಗೆಳೆಯನಿಗೆ; ಶಾಲೆಯಲ್ಲಿ ‘ಟುಡೇ ಓನ್ಲಿ ಐ ಕೇಮ್’ ಎನ್ನುತ್ತದೆ. ಕನ್ನಡದ ‘ಏ’, ತಮಿಳಿನ ‘ದಾನ್’ ಎರಡೂ ಒತ್ತಿ ಹೇಳಬೇಕಾದ ಪದದ ಬೆನ್ನಿಗೆ ಬೀಳುತ್ತವೆ, ‘ಓನ್ಲಿ’ಯೂ ಅವುಗಳ ಹಿಂದೆ ಹೋಗಿದೆ. ‘ಲೈಕ್ ದಟ್ ಓನ್ಲಿ’ ಬಂದದ್ದೂ ‘ಹಾಗೆಯೇ’ ಎಂಬಂಥ ಮಾತಿನಿಂದ. ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ಇಂಥ ‘ಓನ್ಲಿ’ ಬೇರೂರಿದೆ, ಆಡುವವರಿಗೂ ಕೇಳುವವರಿಗೂ ಅದರ ಅರ್ಥ ಸ್ಪಷ್ಟ. ಪರೀಕ್ಷೆಗೆ ಬರೆಯುವಾಗ ‘ಐ ಕೇಮ್ ಓನ್ಲಿ ಟುಡೇ’ ಎಂದೋ, ಒತ್ತು ಇನ್ನೂ ಬೇಕಿದ್ದರೆ ‘ಇಟ್ ವಾಸ್ ಓನ್ಲಿ ಟುಡೇ ದಟ್ ಐ ಕೇಮ್’ ಎಂದೋ ತಿರುಗಿಸಬೇಕು. ಈ ಕೊನೆಯ ರೂಪ ‘ನಾನು ಬಂದದ್ದು ಇವತ್ತೇ’ ಎಂಬ ಕನ್ನಡದ ವಾಕ್ಯವೇ, ಕೊನೆಯಿಂದ ಮೊದಲಿಗೆ ಓದಿದ್ದು.